ಕಪ್ಪು ಬಂಡೆಗೆ ಈಜಿದ ಜೆರ್ಲಾಂದೊ

ನೀವು ಎಂತೆಂಥ ಹೀರೋಗಳನ್ನು ನೋಡಿದ್ದೀರೋ ನನಗೆ ಗೊತ್ತಿಲ್ಲ, ಆದರೆ ನಮ್ಮ ಜೆರ್ಲಾಂದೊನನ್ನು ನೋಡಿಲ್ಲ ಅಂದಮೇಲೆ ಏನೂ ನೋಡಿಲ್ಲ ಬಿಡಿ. ಆಗಸ್ಟ್ ಹದಿನೈದು, ಬೇಸಿಗೆಯ ಹಬ್ಬ, ಸಿಸಿಲಿ ದ್ವೀಪಕ್ಕೆ ದ್ವೀಪವೇ ಪಾತ್ರೆ ಪಡಗ ಹೊತ್ತು ಸಮುದ್ರದ ದಂಡೆಯಲ್ಲಿ ಬೀಡುಬಿಟ್ಟ ದಿನ. ಐದು ವರ್ಷದ ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕಪ್ಪು ಬಂಡೆಯವರೆಗೆ ಈಜಿ, ಅಲ್ಲಿ ನಿಂತು ಮೀಸೆ ತಿರುವಿ, ಕೂದಲು ಕೆದರದಂತೆ ವಾಪಸ್ ಬಂದ ಗಂಡು ಅವನು. ಅಲೆಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ದಂಡೆಯವರೆಲ್ಲ ಎದ್ದು ನಿಂತು ಶಿಳ್ಳೆ ಹೊಡೆದರು. ಬಿಲ್ಡಪ್ ಇಷ್ಟು ಸಾಕಲ್ಲ? ಈಗ ಕಥೆ.

ಜೆರ್ಲಾಂದೊ ಗುಡ್ಡದ ಮೇಲಿನ ಊರಲ್ಲಿ ಸಲೂನ್ ಇಟ್ಟುಕೊಂಡಿದ್ದ. ಅವನ ಕನ್ನಡಿಯಲ್ಲಿ ಗಿರಾಕಿಯ ತಲೆಯ ಹಿಂದೆ ಸಮುದ್ರ ಕಾಣುತ್ತಿತ್ತು. ಅವನಿಗೂ ಸಮುದ್ರಕ್ಕೂ ಇದ್ದ ನಂಟು ಅಷ್ಟೇ. ಈಜು ಬರುತ್ತಿರಲಿಲ್ಲ. ದ್ವೀಪದಲ್ಲಿ ಹುಟ್ಟಿದವನು ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ಹೆಂಡತಿ ಮಿರೆಲ್ಲಾಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದಳು. ಸಂಸಾರ ನಡೆಯುವುದೇ ಹಾಗೆ.

ಎಡವಟ್ಟಾದದ್ದು ಮಗಳು ನಿನ್ಫಾಳನ್ನು ಮಲಗಿಸುವಾಗ. ಚಳಿಗಾಲವಿಡೀ ಅವಳಿಗೆ ಒಂದೇ ಕಥೆ: ಪಪ್ಪಾ ಕಪ್ಪು ಬಂಡೆಗೆ ಈಜಿ ಹೋದದ್ದು, ಅಲ್ಲಿದ್ದ ಆಕ್ಟೋಪಸ್‌ಗೆ ಕಟಿಂಗ್ ಮಾಡಲು ಕತ್ತರಿ ತೆಗೆದದ್ದು, ಅದಕ್ಕೆ ಕೂದಲೇ ಇಲ್ಲವೆಂದು ಬೈದು ವಾಪಸ್ ಬಂದದ್ದು. ಕಥೆ ಹೇಳುವವನು ಮರೆತ, ಕೇಳಿದವಳು ಮರೆಯಲಿಲ್ಲ. ರಜೆಗೆಂದು ದಂಡೆಯ ಬಳಿ ಬಾಡಿಗೆ ಕೋಣೆ ಹಿಡಿದ ಮೊದಲ ದಿನವೇ, "ಪಪ್ಪಾ, ನನ್ನೂ ಬಂಡೆಗೆ ಕರ್ಕೊಂಡ್ಹೋಗು" ಎಂದು ಶುರು ಮಾಡಿದಳು. ಒಂದು ದಿನ ಗಾಳಿ ಜಾಸ್ತಿ ಎಂದ, ಇನ್ನೊಂದು ದಿನ ಮೈ ಉರಿಸುವ ಲೋಳೆಮೀನು ಬಂದಿದೆ ಎಂದ. ಇವತ್ತು ರಜೆಯ ಕೊನೆಯ ದಿನ. ಗಾಳಿಯೂ ಇಲ್ಲ, ಲೋಳೆಮೀನೂ ಇಲ್ಲ. ಸಮುದ್ರ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು.

ಆಗ ಅವನ ಕೈಹಿಡಿದದ್ದು ಅತ್ತೆ ಅಸ್ಸುಂತಾ. ಊಟ ಮಾಡಿದವರು ಮೂರು ಗಂಟೆ ನೀರಿಗೆ ಇಳಿಯಬಾರದು, ಇಳಿದರೆ ಹೊಟ್ಟೆ ಹಿಡಿದುಕೊಂಡು ಕಲ್ಲಿನಂತೆ ಮುಳುಗುತ್ತಾರೆ ಎಂಬುದು ನಮ್ಮ ಕಡೆಯ ಎಲ್ಲ ಅಜ್ಜಿಯರ ಕಾನೂನು. ಪಾದ್ರಿ ಪಾಪವನ್ನಾದರೂ ಕ್ಷಮಿಸುತ್ತಾನೆ, ಅಸ್ಸುಂತಾ ಒಂದು ಬಿಸ್ಕತ್ತನ್ನೂ ಕ್ಷಮಿಸುವವಳಲ್ಲ. ಕೊಡೆಯ ಕೆಳಗೆ ಗಡಿಯಾರ ಕಟ್ಟಿಕೊಂಡು ಕೂತು, ಯಾರ ಹೊಟ್ಟೆಗೆ ಏನು ಹೋಯಿತೆಂದು ನೋಡುತ್ತಿದ್ದಳು.

ಬೆಳಗಿನ ತಿಂಡಿಯ ಗಡುವು ಮುಗಿಯುತ್ತ ಬಂದಾಗ ನಿನ್ಫಾ ಸೊಂಟಕ್ಕೆ ಬಾತುಕೋಳಿ ಟ್ಯೂಬ್ ಏರಿಸಿಕೊಂಡು ಬಂದು ನಿಂತಳು. ಜೆರ್ಲಾಂದೊ ಬುಟ್ಟಿಗೆ ಕೈಹಾಕಿ, ಕರಿದ ಅನ್ನದುಂಡೆಯೊಂದನ್ನು ತೆಗೆದು ಬಾಯಿಗೆ ತುರುಕಿಕೊಂಡ.

"ಪಪ್ಪಾ, ಯಾಕ್ ತಿಂದೆ?"

"ನಾನ್ ತಿನ್ಲಿಲ್ಲ ಪುಟ್ಟಿ, ಕೈ ತಿನ್ನಿಸ್ತು. ಈ ಕೈ ಒಂದ್ಸಲ ಎದ್ದಮೇಲೆ ನನ್ ಮಾತೂ ಕೇಳಲ್ಲ."

"ಮೂರು ಗಂಟೆ," ಅಸ್ಸುಂತಾ ತೀರ್ಪು ಕೊಟ್ಟಳು. "ಮತ್ತೆ ಮೊದಲಿಂದ."

ಮಧ್ಯಾಹ್ನ ಒಲೆಯಲ್ಲಿ ಬೇಯಿಸಿದ ಪಾಸ್ತಾ. ಪಾತ್ರೆಯ ಮೂಲೆಯಲ್ಲಿ ಗರಿಗರಿಯಾಗಿ ಹತ್ತಿಕೊಂಡದ್ದನ್ನೂ ಅವನು ಕೆರೆದು ತಿಂದ. ಎಲ್ಲರಿಗೂ ಗಡುವು ಮುಗಿದು ಜನ ನೀರಿಗೆ ಓಡುವ ಹೊತ್ತಿಗೆ ಕಲ್ಲಂಗಡಿ ಹೋಳು ಕಚ್ಚಿದ.

"ಅಮ್ಮಾ, ಕಲ್ಲಂಗಡಿ ಬರೀ ನೀರಲ್ವಾ? ಅದನ್ಯಾಕೆ ಲೆಕ್ಕಕ್ಕೆ ಹಿಡೀತೀಯ?" ಎಂದು ಮಿರೆಲ್ಲಾ ಬೇಕೆಂದೇ ಕೇಳಿದಳು.

"ಒಳಗೂ ನೀರು, ಹೊರಗೂ ನೀರು. ಅದಿನ್ನೂ ಡೇಂಜರ್ ಕಣೇ," ಎಂದಳು ಅಸ್ಸುಂತಾ. ಆಮೇಲೆ ಅಳಿಯನ ಹೊಟ್ಟೆಯನ್ನು ನೋಡಿ, "ಅಳಿಯಪ್ಪಾ, ನಿನ್ ಮದ್ವೇಲೂ ಇಷ್ಟು ತಿಂದಿರ್ಲಿಲ್ಲ. ಏನು, ನಾಳೆ ಗಲ್ಲಿಗೇರಿಸ್ತಾರಾ?" ಎಂದಳು.

"ನೀವು ಮಾಡಿದ ಅಡುಗೆ ಅತ್ತೆ. ಬಿಟ್ಟೆದ್ದರೆ ಪಾಪ ಬರುತ್ತೆ."

"ಪಾಸ್ತಾ ಮಾಡಿದ್ದು ನಾನು. ಕಲ್ಲಂಗಡೀನೂ ನಾನೇ ಮಾಡಿದ್ನಾ?"

ಸಂಜೆಯಾಯಿತು. ಬುಟ್ಟಿ ಖಾಲಿ. ಗಡುವು ಮತ್ತೆ ಮುಗಿಯುತ್ತಿತ್ತು. ಜೆರ್ಲಾಂದೊ ಹೊಟ್ಟೆ ಹೊತ್ತುಕೊಂಡು ಪಕ್ಕದ ಕೊಡೆಯವರ ಬಳಿ ನಡೆದ. ಅಲ್ಲಿಯ ಹೆಂಗಸು ಮಾತಿಗೆ ಮುಂಚೆಯೇ ಕರಿದ ಬದನೆಕಾಯಿಯ ಡಬ್ಬಿ ಮುಂದೆ ಹಿಡಿದಳು. ನಮ್ಮ ಊರಲ್ಲಿ ಕೊಡೆಯ ಹತ್ತಿರ ಬಂದವನನ್ನು ಬರಿಗೈಲಿ ಕಳಿಸುವುದಿಲ್ಲ. ಅವನೊಂದು ಹೋಳು ಎತ್ತಿಕೊಂಡ. ಕೊಡೆಯ ಆಚೆ ಮಗ್ಗುಲಲ್ಲಿ ನಿನ್ಫಾ, ಸೊಂಟದ ಟ್ಯೂಬ್ ಇನ್ನೂ ಬಿಚ್ಚದೆ, ಆ ಮನೆಯ ಹುಡುಗಿ ಅಗಾತಾಳ ಜೊತೆ ಮರಳು ತೋಡುತ್ತಿದ್ದಳು.

"ನಿಮ್ಮಪ್ಪಂಗೆ ನೀರಂದ್ರೆ ಭಯ ಕಣೇ," ಎನ್ನುತ್ತಿದ್ದಳು ಅಗಾತಾ.

"ಭಯ ಅಲ್ಲ. ಹಸಿವು."

"ಯಾರಿಗಾದ್ರೂ ಅಷ್ಟೊಂದು ಹಸಿವಾಗುತ್ತಾ?"

"ನಮ್ ಪಪ್ಪಂಗಾಗುತ್ತೆ," ಎಂದು ನಿನ್ಫಾ ತಲೆಯೆತ್ತಿದಳು. ಅಪ್ಪನ ಕೈಯಲ್ಲಿ ಬದನೆಕಾಯಿ ಇತ್ತು. ಅವಳು ಅದನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಮತ್ತೆ ಮರಳು ತೋಡತೊಡಗಿದಳು. ಅಪ್ಪನ ಪರವಾಗಿ ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಆಗಲೇ ಅನುಮಾನ ಬಂದಿತ್ತು.

ಜೆರ್ಲಾಂದೊ ಬದನೆಕಾಯಿಯನ್ನು ಡಬ್ಬಿಗೆ ವಾಪಸ್ ಇಟ್ಟ. "ನಿನ್ಫಾ, ಬಾ," ಎಂದ.

ಇಬ್ಬರೂ ಕೈಹಿಡಿದು ನೀರಿನ ಕಡೆ ನಡೆದರು. ಪಕ್ಕಾ ಸ್ಲೋ ಮೋಷನ್. ಕಿವಿಗೊಟ್ಟರೆ ಹಿಂದೆ ಡ್ರಮ್ಮೂ ಕೇಳಬೇಕು.

ಇಲ್ಲಿ ನಾನು ಮೊದಲು ಹೇಳಿದ ಕ್ಲೈಮ್ಯಾಕ್ಸ್ ಬರಬೇಕು. ಬರುವುದಿಲ್ಲ. ಬಂಡೆ, ಮೀಸೆ, ಶಿಳ್ಳೆ ಎಲ್ಲ ನಾನು ಹಾಕಿದ ಒಗ್ಗರಣೆ. ನಿಜ ಹೇಳಿಬಿಡುತ್ತೇನೆ: ನೀರು ಮಂಡಿಗೆ ಬಂದದ್ದೇ ತಡ, ಜೆರ್ಲಾಂದೊನ ಕಾಲು ಸಲೂನ್ ಕುರ್ಚಿಯ ಹಾಗೆ ನೆಲಕ್ಕೆ ಕಚ್ಚಿಕೊಂಡಿತು. ಅವನು ಬಗ್ಗಿ ಮಗಳ ಕಿವಿಯಲ್ಲಿ ಹೇಳಿದ.

"ಪಪ್ಪಂಗೆ ಈಜಕ್ಕೆ ಬರಲ್ಲ ಪುಟ್ಟಿ."

ನಿನ್ಫಾ ದೂರಕ್ಕೆ ಬೆರಳು ತೋರಿಸಿದಳು. "ಬಂಡೆ?"

"ದೂರದಿಂದ ನೋಡಿದೀನಿ."

"ಆಕ್ಟೋಪಸ್ಸು?"

"ತಿಂದಿದೀನಿ. ಅಷ್ಟೇ."

ಅವಳು ಅಳುತ್ತಾಳೆಂದು ಅವನು ಕಾದ. ಅವಳು ಟ್ಯೂಬ್ ಕಳಚಿ ಅವನ ತಲೆಗೆ ಹಾಕಿದಳು. ಅದು ಕಿವಿಯ ಹತ್ತಿರ ಸಿಕ್ಕಿಕೊಂಡು, ಬಾತುಕೋಳಿಯ ಕೊಕ್ಕು ಅವನ ಹಣೆಯ ಮೇಲೆ ನಿಂತಿತು. ದಂಡೆಯವರು ನಿಜವಾಗಿಯೂ ಎದ್ದು ನಿಂತರು, ಆದರೆ ಬಿದ್ದುಬಿದ್ದು ನಗುವುದಕ್ಕೆ. ಮಿರೆಲ್ಲಾ ಓಡಿಬಂದು ಟ್ಯೂಬಿಲ್ಲದ ಮಗಳ ಕೈ ಹಿಡಿದುಕೊಂಡಳು.

"ಮಲ್ಕೋ ಪಪ್ಪಾ. ನರ್ಸರಿ ಟೀಚರ್ ನಮಗೆ ಹಿಂಗೇ ಹೇಳ್ಕೊಟ್ಟಿದ್ದು. ಹೊಟ್ಟೆ ಮೇಲಕ್ ಮಾಡು."

ಹೊಟ್ಟೆ ಮೇಲಕ್ಕೇ ಇತ್ತು. ಜೆರ್ಲಾಂದೊ ಮಲಗಿದ, ಒಂದು ಉಸಿರಿನಷ್ಟು ಹೊತ್ತು ತೇಲಿದ, ಆಮೇಲೆ ಒಂದು ಪುಟ್ಟ ಅಲೆ ಮೂಗಿನೊಳಕ್ಕೆ ನುಗ್ಗಿತು. ಅವನ ಈಜು ಅಷ್ಟೇ.

ಅಗಾತಾ ದಂಡೆಯಿಂದ ಕೂಗಿದಳು, "ನಿಮ್ಮಪ್ಪ ಬಂಡೆಗೆ ಹೋಗ್ಲೇ ಇಲ್ಲ."

"ಇನ್ನೂ ಕಲೀತಿದಾನೆ ಕಣೇ," ಎಂದಳು ನಿನ್ಫಾ, ಕೆಮ್ಮುತ್ತಿದ್ದ ಅಪ್ಪನ ಕಿವಿ ಹಿಡಿದುಕೊಂಡು. "ನಾನೇ ಕಲಿಸ್ತಿರೋದು. ಆಚೆ ಹೋಗು, ಕ್ಲಾಸ್ ನಡೀತಿದೆ."