ದೀಮದ ಹಕ್ಕಿ

ಕಾಡಿನಂಚಿನ ಆ ಒಂದು ಕೋಣೆಯ ಮನೆಯಲ್ಲಿ ಬಲೆಗಾರನದೇ ಮಾತು. ಮಗಳು ಗಂಡನನ್ನು ಬಿಟ್ಟು ಬಂದ ಮೇಲಂತೂ ಅವನ ಬಾಯಿಗೆ ಬೀಗವೇ ಇರಲಿಲ್ಲ. "ಗಂಡನ ಏಟು ತಡೀಲಾರದೆ ಓಡಿ ಬಂದೋಳು. ಅಪ್ಪನ ಅನ್ನ ತಿಂದ್ಮೇಲೆ ಅಪ್ಪ ಹೇಳಿದ್ದು ಕೇಳ್ಬೇಕು" ಎನ್ನುತ್ತಿದ್ದ. ಅವಳು ಕೇಳುತ್ತಿದ್ದಳು. ಬಲೆ ಹೆಣೆಯುತ್ತಿದ್ದಳು, ಗೆದ್ದಲು ಹೆಕ್ಕಿ ತಂದು ಹಕ್ಕಿಗಳಿಗೆ ಹಾಕುತ್ತಿದ್ದಳು.

ಅವನು ಹಿಡಿಯುತ್ತಿದ್ದದ್ದು ತರಗೆಲೆ ಕೆದಕಿ ಹುಳ ತಿನ್ನುವ ಕಂದು ಹಕ್ಕಿಗಳನ್ನು. ಗಾತ್ರ ಮುಷ್ಟಿಯಷ್ಟು, ಕಂಠ ಮಾತ್ರ ಕಾಡೆಲ್ಲ ತುಂಬುವಂಥದ್ದು. ಬಲೆಯ ಪಕ್ಕ ಪಂಜರದಲ್ಲೊಂದು ದೀಮದ ಹಕ್ಕಿ ಇಟ್ಟರೆ, ಅದರ ಹಾಡಿಗೆ ಕೆರಳಿ ಉಳಿದವು ಜಗಳಕ್ಕೆ ಬಂದು ಸಿಕ್ಕಿಬೀಳುತ್ತಿದ್ದವು. ಹಳೆಯ ದೀಮ ಸತ್ತಿತ್ತು. ಹೊಸದು ಬಾಯೇ ಬಿಡಲೊಲ್ಲದು.

ಆ ಬೆಳಿಗ್ಗೆ ಅವನು ಒಲೆಯಲ್ಲಿ ದಬ್ಬಣ ಕಾಯಿಸಿದ.

"ಹಕ್ಕೀನ ಬಿಗಿಯಾಗಿ ಹಿಡ್ಕೋ. ಕಣ್ಣು ಹೋದ್ರೆ ತಾನಾಗೇ ಹಾಡುತ್ತೆ."

"ಬೇಡಪ್ಪಾ. ಇನ್ನೊಂದಷ್ಟು ದಿನ ನೋಡೋಣ."

"ನಿನ್ನ ಉಪದೇಶ ಯಾರು ಕೇಳಿದ್ರು? ಹಿಡಿ!"

ಅವಳ ಅಂಗೈಯಲ್ಲಿ ಆ ಪುಟ್ಟ ಎದೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಕೆಂಪಗೆ ಕಾದ ಮೊನೆ ಹತ್ತಿರ ಬರುತ್ತಲೇ ಕೈ ಸಡಿಲಿಸಿಬಿಟ್ಟಳು. ಹಕ್ಕಿ ಗೋಡೆಗೆ ಬಡಿದು ಕೆಳಗೆ ಬಿತ್ತು.

ಅಪ್ಪ ಅವಳ ಜಡೆಗೆ ಕೈ ಹಾಕಿ ಕೆಡವಿದ, ಪಕ್ಕೆಗೆ ಒದ್ದ. "ಅದರ ಕಣ್ಣು ಉಳಿಸ್ತೀಯಾ? ಹಾಗಾದ್ರೆ ನಿಂದು ಕೊಡು!"

ಅವಳು ಮುಖ ತಿರುಗಿಸಿದಳು. ದಬ್ಬಣ ಕೆನ್ನೆಗೆ ಚುರ್ರೆಂದಿತು. ಗಂಡನ ಮನೆಯಲ್ಲಿ ನುಂಗಿಕೊಂಡದ್ದೆಲ್ಲ ಆ ಉರಿಯೊಂದಿಗೆ ಮೇಲೆ ಬಂತು. ಕೈಗೆ ಸಿಕ್ಕ ಗುಂಡುಕಲ್ಲೆತ್ತಿ ಅವನ ಮಣಿಕಟ್ಟಿನ ಮೇಲೆ ಹಾಕಿದಳು. ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಅವನು ಅರಚುತ್ತ ಅವಳ ತೋಳನ್ನು ರಕ್ತ ಬರುವಂತೆ ಕಚ್ಚಿದ. ಅವಳು ಅದೇ ಕೈಗೆ ಇನ್ನೊಂದೇಟು ಬಿಟ್ಟಳು.

ಗಲಾಟೆ ಅಡಗಿದಾಗ ಹಕ್ಕಿ ನೆಲದಲ್ಲಿ ಅಪ್ಪಚ್ಚಿಯಾಗಿತ್ತು. ತುಳಿದದ್ದು ಯಾರ ಕಾಲೋ, ಇಬ್ಬರ ಪಾದಕ್ಕೂ ಪುಕ್ಕ ಅಂಟಿತ್ತು.

ಆಸ್ಪತ್ರೆಯಲ್ಲಿ ಅವನು, "ಮರದಿಂದ ಬಿದ್ದೆ" ಎಂದ. ಮಗಳ ಕೈಲಿ ಏಟು ತಿಂದೆ ಎನ್ನಲು ಮೀಸೆ ಅಡ್ಡ ಬಂತು. ಡಾಕ್ಟರು ಅವಳ ಕೆನ್ನೆ ನೋಡಿದರು.

"ಇದೇನಮ್ಮಾ?"

"ಅಪ್ಪ ಸುಟ್ಟಿದ್ದು. ಅವನ ಕೈ ಮುರಿದಿದ್ದು ನಾನು."

ಬಲಗೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದವನಿಗೆ ಅವಳೇ ತುತ್ತು ಕಲಸಿ ಬಾಯಿಗಿಟ್ಟಳು. ಅವನು ಅದನ್ನು ಅವಳ ಮುಖಕ್ಕೇ ಉಗಿದ. ತೋಳಿನಿಂದ ಒರೆಸಿಕೊಂಡು, "ಹಸಿವಾದಾಗ ಕರಿ" ಎಂದಳು. ಹೊರಗೆ ಕೂತು ಕುಡುಗೋಲಿನಿಂದ ಬಲೆಗಳನ್ನು ಕೊಯ್ಯತೊಡಗಿದಳು.

ಹೊತ್ತಿಳಿಯುವಾಗ ಒಳಗಿನಿಂದ, "ಅನ್ನ ತಾರೇ" ಎಂಬ ದನಿ ಕೇಳಿಸಿತು. ಕೈಯಲ್ಲಿದ್ದ ಬಲೆಯನ್ನು ಪೂರ್ತಿ ಕೊಯ್ದು ಮುಗಿಸಿಯೇ ಅವಳು ಎದ್ದಳು.