ಸಮುದ್ರಕ್ಕೆಂದು ಕಲಿತ ಎಸೆತ

ಹೆಣಕ್ಕೆ ಉಡಿಸಲು ಹೊಸ ಪಂಚೆ ಹುಡುಕುತ್ತಿದ್ದ ರಾಯಣ್ಣ, ಸೂಟ್‌ಕೇಸ್ ತೆರೆದವನು ಹಾಗೇ ಕುಳಿತುಬಿಟ್ಟ. ಪಂಚೆಯ ಮೇಲೆ ಗಾಳದ ದಾರದ ರೀಲು, ಸೀಸದ ಗುಂಡುಗಳು, ಉಪ್ಪುನೀರಿಗೆ ತುಕ್ಕು ಹಿಡಿಯದ ಗಾಳಗಳು. ಒಂದೊಂದನ್ನೂ ಹಳೇ ಬನಿಯನ್ ತುಂಡಿನಲ್ಲಿ ಸುತ್ತಿಟ್ಟಿತ್ತು.

"ಅಕ್ಕಾ, ಮಾವ ಎಲ್ಲಾ ಕಟ್ಟಿಟ್ಟಾರಲ್ಲ."

"ದಿನಾ ಬಿಚ್ಚೋದು, ದಿನಾ ಕಟ್ಟೋದು. ಎಂಟು ದಿನದಿಂದ ಅದೇ ಕೆಲಸ," ಎಂದಳು ಬಸಕ್ಕ.

ನಿನ್ನೆ ಸಂಜೆಯೂ ಹಾಗೇ ಬಿಚ್ಚಿ ಕಟ್ಟಿದ ಮೇಲೆ ಅವಳ ಗಂಡ ಹುಸೇನಪ್ಪ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಅವಳು ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ರಾಯಣ್ಣ ಅವಳ ತಮ್ಮ, ಒಮಾನಿನ ಸಲಾಲಾದಲ್ಲಿ ವೆಲ್ಡರ್. ಅಕ್ಕನ ಗಂಡನನ್ನು ಅಲ್ಲಿನ ಸಮುದ್ರದಂಡೆಯಲ್ಲಿ ಮೀನು ಹಿಡಿಯಲು ಕರೆದೊಯ್ಯಲೆಂದೇ ರಜೆ ಹಾಕಿ ಬಂದಿದ್ದ. ಬರುವ ಶುಕ್ರವಾರ ವಿಮಾನವಿತ್ತು.

*

ಟಿ.ಬಿ. ಡ್ಯಾಂನ ಕಾಲುವೆಗೆ ನೀರು ಬಿಡುವ ಕೆಲಸದಲ್ಲಿ ಮೂವತ್ತೈದು ವರ್ಷ ಕಳೆದ ಹುಸೇನಪ್ಪ ಸಮುದ್ರ ಕಂಡವನಲ್ಲ. ಹಿನ್ನೀರಿನಲ್ಲಿ ಗಾಳ ಹಾಕುವುದು ಬಲ್ಲವನೇ. ಆದರೆ ಸಮುದ್ರದಲ್ಲಿ ಅಲೆ ದಾಟಿಸಿ ಎಸೆಯಬೇಕಂತೆ. ಮೈದುನ ರಾಯಣ್ಣ ಕಳಿಸಿದ ಹನ್ನೆರಡಡಿ ಗಾಳದ ಕೋಲು ಹಿಡಿದು ದಿನಾ ಬೆಳಿಗ್ಗೆ ಕ್ವಾರ್ಟರ್ಸ್ ಹಿಂದಿನ ಬಯಲಿಗೆ ಹೋಗುತ್ತಿದ್ದ. ದಾರದ ತುದಿಯ ಸೀಸದ ಗುಂಡು ಬಿದ್ದಲ್ಲಿ ಬಸಕ್ಕ ಕಡ್ಡಿ ನೆಡಬೇಕು. ಮೊದಲು ನಲವತ್ತು ಹೆಜ್ಜೆ. ವರ್ಷ ತುಂಬುವಾಗ ನೂರ ಹತ್ತು.

"ಈ ವಯಸ್ಸಿನಾಗ ಇದೇನ್ ಹುಚ್ಚುರಿ?"

"ಇಷ್ಟು ವರ್ಷ ನೀರು ಬಿಟ್ಟು ಬಿಟ್ಟು ಕಳಿಸೀನಿ. ಅದು ಹೋಗಿ ಸೇರೋ ಜಾಗ ಒಮ್ಮೆ ನೋಡಬ್ಯಾಡೇನು?"

"ನಮ್ಮ ನೀರು ಒಮಾನಿಗೆ ಹೊಕ್ಕೈತೇನು?"

"ಕರದವನು ನಿನ್ನ ತಮ್ಮ. ಸಮುದ್ರ ಎಲ್ಲಾ ಒಂದೇ ಬಿಡು!"

*

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಸಾವಿನ ಮನೆಗೆ ಕಮಲಾಪುರದಿಂದ ಎರ್ರೆಪ್ಪ ಬಂದ. ಆರಡಿ ಮೀರಿದ ಟ್ರ್ಯಾಕ್ಟರ್ ಡ್ರೈವರ್. ಬಾಗಿಲಲ್ಲೇ ಕುಸಿದು ಕುಳಿತ.

"ಇವರು ಯಾರು?" ರಾಯಣ್ಣ ಕೇಳಿದ.

"ಕಾಲುವ್ಯಾಗ ಕೊಚ್ಚಿ ಹೋಗಿದ್ನಲ್ಲ, ಅವನೇ ನಾನು," ಎಂದ ಎರ್ರೆಪ್ಪ.

*

ಹೋದ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಉರುಳಿ ಎರ್ರೆಪ್ಪ ತುಂಬಿದ ಕಾಲುವೆಗೆ ಬಿದ್ದಿದ್ದ. ನಡುನೀರಿನ ಕಬ್ಬಿಣದ ಕಂಬ ತಬ್ಬಿಕೊಂಡು ಕೂಗುತ್ತಿದ್ದ. ಜನ ಎಸೆದ ಹಗ್ಗ ಅರ್ಧಕ್ಕೇ ಬಿದ್ದು ಕೊಚ್ಚಿಹೋಗುತ್ತಿತ್ತು. ಹುಸೇನಪ್ಪ ಮನೆಗೆ ಓಡಿ ಕೋಲು ತಂದ.

"ಸರೀರಿ, ಎಲ್ಲಾರೂ ಹಿಂದಕ ಸರೀರಿ!"

ಮೊದಲ ಎಸೆತ ನೀರಿಗೆ ಬಿತ್ತು. ಎರಡನೆಯದು ಎರ್ರೆಪ್ಪನ ತಲೆಯ ಮೇಲಿಂದ ಹಾದು ಆಚೆ ದಡದ ಕಬ್ಬಿನ ಗದ್ದೆಯಲ್ಲಿ ಬಿತ್ತು. ದಾರದ ಈ ತುದಿಗೆ ಹಗ್ಗ ಕಟ್ಟಿದರು. ಆಚೆ ದಡದಲ್ಲಿದ್ದವರು ದಾರ ಎಳೆದುಕೊಂಡರು. ಎರಡೂ ದಡದ ಜನ ಬಿಗಿಯಾಗಿ ಹಿಡಿದ ಆ ಹಗ್ಗಕ್ಕೆ ಜೋತುಬಿದ್ದು ಎರ್ರೆಪ್ಪ ಈಚೆ ಬಂದ. ದಾರ ಸೀಳಿದ ಗಂಡನ ಬೆರಳಿಗೆ ಅರಿಸಿನ ಹಚ್ಚುತ್ತಾ ಬಸಕ್ಕ ಅಂದು ಬೈಯಲಿಲ್ಲ. ಮರುದಿನ ಅವನಿಗಿಂತ ಮೊದಲೇ ಕಡ್ಡಿ ಹಿಡಿದು ಬಯಲಲ್ಲಿ ನಿಂತಿದ್ದಳು.

*

"ಮನಿಗೆ ಬಂದು ಕಾಲಿಗೆ ಬಿದ್ದೆ," ಎಂದ ಎರ್ರೆಪ್ಪ. "ಅವರೇನಂದ್ರು ಗೊತ್ತೇನ್ರಿ? 'ಗಾಳಿ ಅಡ್ಡ ಇತ್ತು ತಮ್ಮಾ, ಇಲ್ಲಾಂದ್ರ ಮೊದಲ್ನೇದಕ್ಕೇ ದಾಟ್ತಿತ್ತು' ಅಂದ್ರು."

ಅಳುತ್ತಿದ್ದ ಬಸಕ್ಕ ನಕ್ಕುಬಿಟ್ಟಳು. "ಹಂಗ ಅಂತಾರ ಅವರು. ಅದನ್ನೇ ಅಂತಾರ."

ರಾಯಣ್ಣ ಪಂಚೆ ತಂದ. ಉಡಿಸಿದರು. ಹೂ ಹಾಕಿದರು. ಚಟ್ಟ ಎತ್ತುವಾಗ ಎರ್ರೆಪ್ಪ ಯಾರನ್ನೂ ಕೇಳದೆ ಮುಂದಿನ ಎಡಗಡೆಗೆ ಹೆಗಲು ಕೊಟ್ಟ.

ಹೆಂಗಸರು ಗೇಟಿನ ಹತ್ತಿರ ನಿಂತರು. ಬಸಕ್ಕ ಕಣ್ಣು ಕೀಳದೆ ನೋಡಿದಳು. ನೀರಿನ ಟ್ಯಾಂಕಿನ ಬಳಿ ಉಳಿದವರ ಹೆಗಲು ಬದಲಾದವು. ಬೇವಿನ ಮರದ ಬಳಿ ಮತ್ತೆ ಬದಲಾದವು. ಯಾರೋ ಎರ್ರೆಪ್ಪನ ತೋಳು ಮುಟ್ಟಿ ಏನೋ ಅಂದರು, ಅವನು ಬೇಡವೆಂದು ತಲೆಯಾಡಿಸಿದ. ಚಟ್ಟ ಒಂದು ಕಡೆ ವಾಲದಿರಲೆಂದು ಆ ಎತ್ತರದ ಆಳು ಮೊಣಕಾಲು ಬಗ್ಗಿಸಿ, ಉಳಿದ ಮೂವರ ಮಟ್ಟಕ್ಕೆ ಇಳಿದು, ರಸ್ತೆ ತಿರುಗುವವರೆಗೂ ಹಾಗೇ ನಡೆದ.