ಅರ್ಧ ಆನೆ

ನಾನು ಅರ್ಧ ಆನೆ. ಸಂಕ್ರಾಂತಿಯ ಸಕ್ಕರೆ ಆನೆ ಎರೆಯುವ ಮರದ ಅಚ್ಚಿನಲ್ಲಿ ನಾನು ಎಡಭಾಗ, ನನ್ನ ಜೊತೆಯವಳು ಬಲಭಾಗ. ತುಮಕೂರಿನ ಬಡಗಿ ಮುನಿಯಾಚಾರಿ ಒಂದೇ ತೇಗದ ತುಂಡನ್ನು ಸೀಳಿ ನಮ್ಮಿಬ್ಬರನ್ನೂ ಕೆತ್ತಿದ. ಕಿವಿ ಒಬ್ಬೊಬ್ಬರಿಗೆ ಒಂದೊಂದು. ಸೊಂಡಿಲು ಮಾತ್ರ ಇಬ್ಬರ ಪಾಲು.

ನಮ್ಮನ್ನು ಮಾಡಿಸಿದವರು ಗೆಳತಿಯರಾದ ವಿಶಾಲಾಕ್ಷಮ್ಮ ಮತ್ತು ಹೊಂಬಾಳಮ್ಮ. ನೆಲದ ಮೇಲೆ ರಂಗೋಲಿಯಲ್ಲಿ ಆನೆ ಬರೆದು ಬಡಗಿಗೆ ತೋರಿಸಿದವಳು ಹೊಂಬಾಳಮ್ಮ, ದುಡ್ಡು ಕೊಟ್ಟವಳು ವಿಶಾಲಾಕ್ಷಮ್ಮ. ಹಬ್ಬಕ್ಕೆ ತಿಂಗಳಿರುವಾಗಲೇ ಅವರ ಒಲೆ ಹೊತ್ತಿಕೊಳ್ಳುತ್ತಿತ್ತು. ನಮ್ಮನ್ನು ಚೆನ್ನಾಗಿ ನೀರಿನಲ್ಲಿ ನೆನೆಸಿ, ಜೋಡಿಸಿ ದಾರ ಸುತ್ತುತ್ತಿದ್ದರು. ಪಾಕ ಹದಕ್ಕೆ ಬಂದೊಡನೆ ವಿಶಾಲಾಕ್ಷಮ್ಮ, "ಹೊಂಬಾಳೆ, ಹಿಡ್ಕೊಳೇ!" ಎಂದು ಕೂಗುವಳು. ಆಕೆ ನಮ್ಮನ್ನು ಅದುಮಿ ಹಿಡಿಯುವಳು, ಈಕೆ ಸುರಿಯುವಳು. ಪಾಕ ಯಾರಿಗೂ ಕಾಯುವ ಜಾತಿಯಲ್ಲ, ಅದಕ್ಕೆ ನಾಲ್ಕು ಕೈ ಬೇಕೇ ಬೇಕು.

ಆನೆ ಮಾರ್ಕಿನ ಸಕ್ಕರೆ ಅಚ್ಚಿಗೆ ಹೆಸರು ಬಂತು. ಬೆಂಗಳೂರಿನ ಮಿಠಾಯಿ ವ್ಯಾಪಾರಿಯೊಬ್ಬ ದೊಡ್ಡ ಆರ್ಡರು ಹಿಡಿದು ಬಂದು, "ಡಬ್ಬಿ ಮೇಲೆ ಯಜಮಾನಿ ಹೆಸರು ಒಂದೇ ಇರ್ಲಿ" ಎಂದ. ಬೆಂಕಿ ಬಿದ್ದದ್ದು ಅಲ್ಲೇ.

"ಆನೆ ಬರ್ದೋಳು ನಾನು ಕಣೇ!"

"ಬರೀ ರಂಗೋಲಿ ಮಾರ್ಕೊಂಡು ತಿನ್ನು ಹೋಗು. ದುಡ್ಡು ಕೊಟ್ಟೋಳು ನಾನು!"

ಜಗಳ ಕೋರ್ಟಿಗೆ ಹೋಯಿತು. ಪುರಾವೆ ತನ್ನಿ ಎಂದರು ವಕೀಲರು. ಇಬ್ಬರೂ ಒಟ್ಟಿಗೆ ನಮ್ಮ ಮೇಲೆ ಕೈಹಾಕಿದರು. ದಾರ ಕಿತ್ತುಬಂತು. ವಿಶಾಲಾಕ್ಷಮ್ಮನ ಕೈಗೆ ನಾನು ಸಿಕ್ಕಿದೆ, ಹೊಂಬಾಳಮ್ಮನ ಕೈಗೆ ಅವಳು. ಅರ್ಧ ಆನೆ ಅರ್ಧ ಆನೆಯ ಮೇಲೆ ಸಾಕ್ಷಿ ಹೇಳಲು ಹೊರಟಿತು! ನಗು ಬರಬೇಕಿತ್ತು, ಬರಲಿಲ್ಲ.

ಕೋರ್ಟಿನ ಬೀರುವಿನಲ್ಲಿ ನಾನು ಮೇಲಿನ ಹಲಗೆಯ ಮೇಲೆ, ಅವಳು ಕೆಳಗಿನ ಹಲಗೆಯ ಮೇಲೆ. ಕೊರಳಿಗೆ ಚೀಟಿ, ಮೈತುಂಬ ಧೂಳು. ತೀರ್ಪು ಬರುವವರೆಗೆ ಯಾರೂ ಆನೆ ಮಾಡಕೂಡದು ಎಂದು ತಡೆಯಾಜ್ಞೆಯಾಯಿತು. ಸಂಕ್ರಾಂತಿಗಳು ಬಂದುಹೋದವು, ವ್ಯಾಪಾರಿ ಬೇರೆಯವರ ಬಳಿ ಸಕ್ಕರೆ ನವಿಲು ಕೊಂಡ. ವಾಯಿದೆಗೆ ಕರೆದೊಯ್ದಾಗಲೆಲ್ಲ ನಾನು ವಿಶಾಲಾಕ್ಷಮ್ಮನನ್ನು ನೋಡುತ್ತಿದ್ದೆ. ಮೊದಲು ಬಳೆ ಕಾಣದಾಯಿತು, ಆಮೇಲೆ ಕಿವಿಯ ಓಲೆ. ವಕೀಲರ ಫೀಸಿಗೆ ಪಾಕದ ತಾಮ್ರದ ಬಾಣಲೆಯೂ ಹೋಯಿತಂತೆ. ಎದುರು ಬೆಂಚಿನ ಹೊಂಬಾಳಮ್ಮನೂ ಸೊರಗಿದ್ದಳು. ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇನ್ನೊಬ್ಬಳು ನೋಡದಿದ್ದಾಗ ಮಾತ್ರ ನೋಡುತ್ತಿದ್ದರು.

"ಗೆದ್ದೋನು ಸೋತ, ಸೋತೋನು ಸತ್ತ" ಎಂದು ಜವಾನ ಬೀರು ಮುಚ್ಚುವಾಗ ಗೊಣಗುತ್ತಿದ್ದ. ನಾನು ಒಣಗುತ್ತ ಬಂದೆ. ನನ್ನ ಮೈ ಒಂದು ಕಡೆಗೆ ಬಾಗತೊಡಗಿತು. ಒಂದು ಹಲಗೆಯ ಕೆಳಗೇ ಜೊತೆಯವಳಿದ್ದಾಳೆ ಎಂಬುದು ಗೊತ್ತಿದ್ದೂ ಕೂಡಲಾಗದ ಒಂಟಿತನ ಯಾರಿಗೂ ಬೇಡ.

ಕೊನೆಗೆ ತೀರ್ಪಾಯಿತು. ಆನೆ ವಿಶಾಲಾಕ್ಷಮ್ಮನದು. ಹೊಂಬಾಳಮ್ಮ ಖರ್ಚಿನ ಸಾಲಕ್ಕೆ ಮನೆ ಮಾರಿ ಊರು ಬಿಟ್ಟಳು. ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ.

ಆ ವರ್ಷ ವಿಶಾಲಾಕ್ಷಮ್ಮ ನಮ್ಮಿಬ್ಬರನ್ನೂ ಜೋಡಿಸಿ ದಾರ ಸುತ್ತಿದಳು. ಕೂಡಲಿಲ್ಲ, ಬೆನ್ನಿನುದ್ದಕ್ಕೂ ಬಿರುಕು. ಅದುಮಿ ಹಿಡಿದರೆ ಕೂಡುತ್ತಿದ್ದೆವೇನೋ. ಪಾಕ ಹದಕ್ಕೆ ಬಂತು. ಅವಳು ಎರಡೂ ಕೈಯಲ್ಲಿ ಪಾತ್ರೆ ಎತ್ತಿ, ರೂಢಿಯಂತೆ ಕೂಗಿದಳು: "ಹೊಂಬಾಳೆ, ಹಿಡ್ಕೊಳೇ!"

ಯಾರೂ ಹಿಡಿಯಲಿಲ್ಲ. ಅವಳು ಪಾತ್ರೆ ಹಿಡಿದು ನಿಂತೇ ಇದ್ದಳು. ಪಾಕ ಪಾತ್ರೆಯಲ್ಲೇ ಬೆಳ್ಳಗೆ ಗಟ್ಟಿಯಾಯಿತು.

ಈಗ ನಾವು ಅಡುಗೆಮನೆಯ ಮೂಲೆಯಲ್ಲಿದ್ದೇವೆ, ಮುದಿ ಮರ. ಆನೆ ಮಾಡುವ ಆಸೆಯನ್ನು ಅವಳು ಬಿಟ್ಟಿದ್ದಾಳೆ. ಆದರೂ ಹಬ್ಬ ಬಂತೆಂದರೆ ನಮ್ಮನ್ನು ಜೋಡಿಸಿ ದಾರ ಸುತ್ತಿ ಬಿಂದಿಗೆಯ ನೀರಿನಲ್ಲಿ ಮುಳುಗಿಸುತ್ತಾಳೆ. ನೀರು ಕುಡಿದು ನಾವು ಉಬ್ಬುತ್ತೇವೆ. ಬಿರುಕು ಮೆಲ್ಲಗೆ ಮುಚ್ಚಿ, ಸೊಂಡಿಲಿಗೆ ಸೊಂಡಿಲು ತಾಗುತ್ತದೆ. ಹೊರಗೆ ತೆಗೆದರೆ ಮತ್ತೆ ಬಿಡುತ್ತದೆ ಎಂದು ಅವಳಿಗೂ ಗೊತ್ತು. ಪಕ್ಕದ ಮನೆಯಾಕೆ ಆ ಬಿಂದಿಗೆ ಕೇಳಲು ಬಂದರೆ, ಅದರ ಬಾಯಿಗೆ ಕೈ ಅಡ್ಡ ಇಡುತ್ತಾಳೆ.

"ಇರಮ್ಮ, ಇನ್ನೂ ಒಂದು ಗಳಿಗೆ ನೆನೀಲಿ."